ಕಟ್ಟಿದ ಚಪ್ಪರ, ಬಿಚ್ಚಿದ ಚಪ್ಪರ: ನಮ್ಮ ಆಟಪಾಟಗಳ ನೆರಳಿನ ಇತಿಹಾಸ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದ ಮೇಲೆ ಸಂಘದ ಜಮಾಖರ್ಚು, ಷೇರು ಬಂಡವಾಳ, ಅಧ್ಯಕ್ಷರುಗಳ ಭಾವಚಿತ್ರ, ಕಟ್ಟಡದ ಫೋಟೋ ಇವೆಲ್ಲಾ ಇರಲೇಬೇಕು. ಅವನ್ನು ಬರೆಯುವವರು ಬೇರೆ ಇದ್ದಾರೆ. ನಮ್ಮ ಪಾಲಿಗೆ ಬಂದದ್ದು ಊರಿನ ಹಳೆಯ ಸಂಗತಿ ಏನಾದರೂ ಬರೆಯಿರಿ ಎಂಬ ಮಾತು. ಬೆಟ್ಟದ ಗೋಪಾಲಸ್ವಾಮಿಯ ಮೇಲೆ, ಗುಂಡ್ಲುಪೇಟೆಯನ್ನು ಆಳಿದವರ ಮೇಲೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕಲ್ಲಿನಲ್ಲಿ ಕಟ್ಟಿದ್ದಕ್ಕೆ ಶಾಸನ ಇರುತ್ತದೆ, ಕಾಗದದಲ್ಲಿ ಬರೆದದ್ದಕ್ಕೆ ದಾಖಲೆ ಇರುತ್ತದೆ. ಸಾಯಂಕಾಲ ಕಟ್ಟಿ ಬೆಳಗ್ಗೆ ಬಿಚ್ಚಿದ್ದಕ್ಕೆ ಏನೂ ಇರುವುದಿಲ್ಲ. ಆದರೆ ನಮ್ಮ ತಾತ ಮುತ್ತಾತಂದಿರು ಹಾಡಿದ್ದು, ಕುಣಿದದ್ದು, ನಾಟಕ ಆಡಿದ್ದು ಎಲ್ಲಾ ಅಂಥ ಚಪ್ಪರದ ಕೆಳಗೇ. ಹಾಗಾಗಿ ನಾವು ಚಪ್ಪರದ ಮೇಲೆ ಬರೆಯುತ್ತೇವೆ. ಇದಕ್ಕೂ ಸಹಕಾರ ಸಂಘಕ್ಕೂ ಏನಪ್ಪಾ ಸಂಬಂಧ ಅಂತ ಕೇಳುವವರು ಕೊನೆವರೆಗೂ ಓದಬೇಕು ಎಂದು ಕೋರಿಕೆ.

ಯಾವ ಆಟಕ್ಕೆ ಎಂಥ ಜಾಗ

ನಮ್ಮ ಹಂಗಳ ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯ ಮೇಲಿದೆ. ಒಂದು ಕಡೆ ಗೋಪಾಲಸ್ವಾಮಿ ಬೆಟ್ಟ, ಮುಂದಕ್ಕೆ ಬಂಡೀಪುರದ ಕಾಡು. ಸುಗ್ಗಿ ಮುಗಿದ ಮೇಲೆ ಶಿವರಾತ್ರಿ, ಯುಗಾದಿ, ಬಸವ ಜಯಂತಿ ಅಂತ ಸಾಲಾಗಿ ಹಬ್ಬ, ಜಾತ್ರೆ. ಈ ಸೀಮೆಯ ಕಲೆಗಳು ಒಂದೊಂದಕ್ಕೂ ಬೇಕಾಗುವ ಜಾಗ ಬೇರೆ ಬೇರೆ.

ಮಲೆ ಮಾದಪ್ಪನ ದೇವರಗುಡ್ಡರು ಬೀಸು ಕಂಸಾಳೆ ಕುಣಿಯುತ್ತಾರೆ. ಕಂಚಿನ ಬಟ್ಟಲು ದಾರದ ತುದಿಯಲ್ಲಿ ಸುತ್ತಲೂ ಬೀಸುವಾಗ ಪಕ್ಕದವನಿಗೆ ತಾಗಬಾರದು. ಅದಕ್ಕೆ ನಡುವೆ ಕಂಬವಿಲ್ಲದ ಖುಲ್ಲಾ ನೆಲ ಬೇಕು, ನೋಡುವವರು ಸುತ್ತ ನಿಲ್ಲಬೇಕು. ಕೋಲಾಟಕ್ಕೂ ಅಷ್ಟೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆ ಹಾಡುವ ನೀಲಗಾರರದು ಇನ್ನೊಂದು ಬಗೆ. ಅವರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯೆಲ್ಲಾ ಒಂದೇ ಕಡೆ ಕೂತು ಹಾಡುತ್ತಾರೆ. ಅವರಿಗೆ ಬೇಕಾದದ್ದು ಇಬ್ಬನಿ ತಡೆಯುವಷ್ಟು ಮರೆ, ಹತ್ತಿರ ಕೂತು ಹೂಂಗುಟ್ಟುವ ಜನ. ಕರಡಿ ಕೂದಲ ಟೊಪ್ಪಿಗೆ ಹಾಕಿ, ಡಮರುಗ ಬಾರಿಸಿ, ಕೊಳಲು ಊದುವ ಗೊರವರು ಮೆರವಣಿಗೆಯ ಜೊತೆ ನಡೆಯುವವರು. ಅವರಿಗೆ ಬೀದಿಯೇ ರಂಗ. ಭಜನೆಗೆ ದೇವರ ಮುಂದೆ ನಾಲ್ಕು ಕಂಬದ ನೆರಳು ಸಾಕು. ಪೌರಾಣಿಕ ನಾಟಕಕ್ಕೆ ಮಾತ್ರ ಎತ್ತರದ ಅಟ್ಟಣೆ ಬೇಕು, ಒಂದು ಕಡೆ ಮುಖ ಬೇಕು, ಹಿಂದೆ ಬಣ್ಣ ಹಚ್ಚಿಕೊಳ್ಳಲು ಮರೆ ಬೇಕು.

ಒಂದೇ ಊರಿನಲ್ಲಿ ಇಷ್ಟು ಬಗೆ ಇರುವಾಗ ಒಂದು ಖಾಯಂ ಕಟ್ಟಡ ಕಟ್ಟಿ ಎಲ್ಲಕ್ಕೂ ಅದನ್ನೇ ಬಳಸು ಎಂದರೆ ಆಗದು. ಕಟ್ಟಿದ ಮಾರನೇ ದಿನ ಬಿಚ್ಚಬೇಕು, ಮುಂದಿನ ಹಬ್ಬಕ್ಕೆ ಬೇರೆ ಆಕಾರದಲ್ಲಿ ಕಟ್ಟಬೇಕು. ಮನೆಯನ್ನು ಮೂರಂಕಣ, ಐದಂಕಣ ಅಂತ ಎಣಿಸುವ ಹಾಗೆ ಚಪ್ಪರವನ್ನೂ ಅಂಕಣದಲ್ಲೇ ಎಣಿಸುತ್ತಿದ್ದರು. ಜನ ಹೆಚ್ಚಾದರೆ ಇನ್ನೆರಡು ಅಂಕಣ ಹೆಚ್ಚು, ಕಮ್ಮಿಯಾದರೆ ಎರಡು ಅಂಕಣ ಕಮ್ಮಿ. ಈಗಿನ ಇಂಜಿನಿಯರುಗಳು ಬಿಡಿಭಾಗ ಜೋಡಿಸಿ ಕಟ್ಟುವ ವಿಧಾನ ಎಂದು ಹೇಳುವುದು ಇದನ್ನೇ.

ಗಳು, ಗೂಟ, ಗಂಟು

ಹಳೆಯ ಚಪ್ಪರದ ಸಾಮಾನು ಎಲ್ಲಾ ನಮ್ಮ ಸುತ್ತ ಸಿಗುವಂಥದ್ದೇ. ನೆಲಕ್ಕೆ ನೆಡಲು ಕವೆ ಇರುವ ಕಂಬ, ಮೇಲೆ ಅಡ್ಡಕ್ಕೆ ಬಿದಿರ ಗಳು, ಅದರ ಮೇಲೆ ಸೀಳಿದ ದಬ್ಬೆ, ಹೊದಿಕೆಗೆ ತೆಂಗಿನ ಗರಿ, ಇಲ್ಲಾ ಹೊಂಗೆ ಸೊಪ್ಪು. ಕಟ್ಟಲು ಕತ್ತಾಳೆ ನಾರಿನ ಹಗ್ಗ. ಮದುವೆ ಚಪ್ಪರವಾದರೆ ಹಾಲುಗಂಬದ ಶಾಸ್ತ್ರ ಮೊದಲು. ಹಬ್ಬದ ಚಪ್ಪರವಾದರೆ ಯಜಮಾನರು ಮೊದಲ ಗುಂಡಿಗೆ ಗುದ್ದಲಿ ಮುಟ್ಟಿಸಬೇಕು.

ಇದರಲ್ಲಿ ಒಂದು ಗುಟ್ಟಿದೆ. ಹಿರಿಯರು ಮೊಳೆ ಹೊಡೆಯುತ್ತಿರಲಿಲ್ಲ. ಬಿದಿರಿಗೆ ಮೊಳೆ ಹೊಡೆದರೆ ಅದು ಸೀಳು ಬಿಟ್ಟು ಒಂದೇ ಹಬ್ಬಕ್ಕೆ ಸೌದೆಯಾಗುತ್ತದೆ. ಹಗ್ಗದಲ್ಲಿ ಜೀರುಗುಣಿಕೆ ಹಾಕಿದರೆ ಒಂದು ತುದಿ ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತದೆ, ಗಳು ಗಾಯವಿಲ್ಲದೆ ವಾಪಸ್ಸು ಬರುತ್ತದೆ. ಗಂಟು ಕಲಿಸುವಾಗ ನಮ್ಮ ತಾತ ಒಬ್ಬರು ಹೇಳುತ್ತಿದ್ದರು: "ಕಟ್ಟಾದು ದೊಡ್ಡದಲ್ಲ ಕೂಸು, ಬಿಚ್ಚಾಕೆ ಬರಂಗೆ ಕಟ್ಟಬೇಕು." ಒಂದೇ ಸಾಮಾನನ್ನು ಹತ್ತಾರು ಸಲ ಬಳಸುವ ವಿದ್ಯೆಯೆಲ್ಲಾ ಆ ಮಾತಿನಲ್ಲಿದೆ ಎಂದು ಈಗ ಅನ್ನಿಸುತ್ತದೆ.

ಗಳುವನ್ನು ಕಾಪಾಡುವುದಕ್ಕೂ ಕ್ರಮವಿತ್ತು. ಹಸಿ ಬಿದಿರನ್ನು ಕಡಿದು ತಂದು ಕೆರೆಯ ನೀರಿನಲ್ಲಿ ಕೆಲವು ವಾರ ಮುಳುಗಿಸಿ ಇಡುತ್ತಿದ್ದರು. ಬಿದಿರಿನೊಳಗಿನ ಹಿಟ್ಟಿನ ಅಂಶ ನೀರಿಗೆ ಬಿಟ್ಟುಕೊಂಡರೆ ಗೊರಲೆ, ಕೊರೆಯುವ ಹುಳ ಹತ್ತುವುದು ಕಮ್ಮಿ. ಆಮೇಲೆ ನೆರಳಿನಲ್ಲಿ ಒಣಗಿಸಿ ಅಡಿಗೆ ಮನೆಯ ಅಟ್ಟದ ಮೇಲೆ, ಹೊಗೆ ಆಡುವ ಕಡೆ ಇಡುವುದು. ಹೊಗೆ ಕುಡಿದ ಗಳು ಕಪ್ಪಗೆ ಮಿಂಚುತ್ತಾ ವರ್ಷಾನುಗಟ್ಟಲೆ ಬಾಳುತ್ತಿತ್ತು.

ಇನ್ನು ಗಳು ಯಾರದು ಎಂಬ ಮಾತು. ಊರಿಗೆಲ್ಲಾ ಸೇರಿದ ಉಗ್ರಾಣ ಎಂಬುದು ಇರಲಿಲ್ಲ. ಮನೆಗೆ ಎರಡು ಗಳು, ಒಂದು ಕಂಬ, ಒಂದು ಹೊರೆ ಗರಿ ಅಂತ ವಂತಿಗೆ. ಗಳುವಿನ ಬುಡದಲ್ಲಿ ಕುಡುಗೋಲಿನಿಂದ ಗೀರು ಹಾಕಿ ಗುರುತು: ಒಂದು ಮನೆಯದು ಎರಡು ಗೀರು, ಇನ್ನೊಂದು ಮನೆಯದು ಗುಣಾಕಾರದ ಗುರುತು. ಹಬ್ಬ ಮುಗಿದ ಮಧ್ಯಾಹ್ನ ಗುರುತು ನೋಡಿ ಅವರವರ ಮನೆಗೆ ಹೊತ್ತು ಹಾಕಿ ಬರುವುದು ಹುಡುಗರ ಕೆಲಸ. ನಾವೂ ಹೊತ್ತಿದ್ದೇವೆ. ಗಳು ಮುರಿದಿದ್ದರೆ ಯಜಮಾನರ ಮುಂದೆ ಹೇಳಿ ಬೇರೆ ಕೊಡಿಸಬೇಕು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವ ಹಾಗೆ ಚಪ್ಪರಕ್ಕೂ ಮುಯ್ಯಿ. ಇವತ್ತು ನಿನ್ನ ಮಗಳ ಮದುವೆಗೆ ನಾನು ಬಂದು ಗುಂಡಿ ತೋಡಿದರೆ ನಾಳೆ ನನ್ನ ಮಗನ ಮದುವೆಗೆ ನೀನು ಬರಬೇಕು. ಬರೆದಿಟ್ಟ ಪುಸ್ತಕವಿಲ್ಲ, ಬಡ್ಡಿಯಿಲ್ಲ, ಆದರೆ ಬಾಕಿ ಯಾರೂ ಮರೆಯುತ್ತಿರಲಿಲ್ಲ.

ಗಾಳಿ ಬಂದ ರಾತ್ರಿ

ಹಸಿರು ಚಪ್ಪರಕ್ಕೆ ಇನ್ನೂ ಕೆಲವು ಗುಣಗಳಿದ್ದವು. ಗರಿಯ ಸಂದಿನಲ್ಲಿ ಗಾಳಿ ನುಸುಳಿ ಹೋಗುತ್ತದೆ, ಬಿಸಿ ಮೇಲಕ್ಕೆ ಏರಿ ಹೊರಗೆ ಹೋಗುತ್ತದೆ, ಹಾಡಿನ ಸದ್ದು ತಗಡಿನ ಮಾಡಿನಲ್ಲಿ ಮೊಳಗುವ ಹಾಗೆ ಮರುದನಿ ಕೊಡುವುದಿಲ್ಲ. ಹಸಿ ಇರುವ ತನಕ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಹಬ್ಬದ ಹಿಂದಿನ ದಿನವೇ ಸೊಪ್ಪು ಹೊದಿಸಬೇಕು, ಮುಗಿದ ಕೂಡಲೇ ಇಳಿಸಬೇಕು ಎಂಬ ಶಾಸ್ತ್ರಕ್ಕೆ ಈ ಕಾರಣವೂ ಉಂಟು.

ಟಾರ್ಪಾಲು ಬಂದ ಮೇಲೆ ಮಳೆಯ ಭಯ ತಪ್ಪಿತು, ಗಾಳಿಯ ಭಯ ಹುಟ್ಟಿತು. ನಾವು ಚಿಕ್ಕವರಿದ್ದಾಗ ಒಂದು ನಾಟಕದ ರಾತ್ರಿ ಇದು ನಮ್ಮ ಕಣ್ಣ ಮುಂದೆ ನಡೆಯಿತು. ಯುಗಾದಿ ಕಳೆದ ಮೇಲಿನ ಮುಂಗಾರು ಪೂರ್ವದ ಗುಡುಗು ಮಳೆ. ಕೃಷ್ಣ ಸಂಧಾನದ ದೃಶ್ಯ ನಡೆಯುತ್ತಿತ್ತು. ಬೆಟ್ಟದ ಕಡೆಯಿಂದ ಗಾಳಿ ನುಗ್ಗಿದ್ದೇ ತಡ, ಟಾರ್ಪಾಲು ಹೊಟ್ಟೆ ಉಬ್ಬಿಸಿಕೊಂಡು ಕಂಬಗಳನ್ನು ಕಿತ್ತು ಮೇಲೆತ್ತತೊಡಗಿತು. ಹುಡುಗರೆಲ್ಲಾ ಹಗ್ಗ ಹಿಡಿದು ಜೋತುಬಿದ್ದೆವು. ಆಗ ಚಪ್ಪರ ಕಟ್ಟುವುದರಲ್ಲಿ ಪಳಗಿದ ಹಿರಿಯರೊಬ್ಬರು "ಹಿಡೀಬ್ಯಾಡ್ರುಲಾ, ಗಂಟ ಬುಟ್ಬುಡ್ರಿ" ಎಂದು ಕೂಗುತ್ತಾ ಗಾಳಿಯ ಕಡೆಯ ಗಂಟುಗಳನ್ನು ಒಂದೊಂದಾಗಿ ಎಳೆದರು. ಟಾರ್ಪಾಲು ಒಂದು ಕಡೆ ಬಿಡಿಸಿಕೊಂಡು ಬಾವುಟದ ಹಾಗೆ ಪಟಪಟನೆ ಹೊಡೆದುಕೊಂಡಿತು, ಕಂಬಗಳು ನಿಂತವು. ದುರ್ಯೋಧನನ ಕಿರೀಟ ನೆನೆದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಕಬ್ಬಿಣದ ತಂತಿಯಲ್ಲಿ ಬಿಗಿದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ತೇರು ಮತ್ತು ಚಂದ್ರಮಂಡಲ

ಒಂದಷ್ಟನ್ನು ಉಳಿಸಿಕೊಂಡು ಒಂದಷ್ಟನ್ನು ಪ್ರತಿ ವರ್ಷ ಹೊಸದಾಗಿ ಮಾಡುವ ಕ್ರಮಕ್ಕೆ ನಮ್ಮ ಜಾತ್ರೆಯ ತೇರೇ ಸಾಕ್ಷಿ. ಕೆತ್ತನೆಯ ಗಡ್ಡೆ, ಅಚ್ಚು, ಚಕ್ರ ಇವು ತಲೆಮಾರುಗಳ ಕಾಲ ಬಾಳುವಂಥವು. ಅದರ ಮೇಲಿನ ಗೋಪುರ ಮಾತ್ರ ಗಳು, ದಬ್ಬೆ, ಬಣ್ಣದ ಬಟ್ಟೆಯಿಂದ ಜಾತ್ರೆಗೆ ಮುಂಚೆ ಕಟ್ಟಿ ಆಮೇಲೆ ಇಳಿಸುವಂಥದ್ದು. ಅದಕ್ಕೇ ನಾವು ತೇರು ಮಾಡುವುದು ಅನ್ನುವುದಿಲ್ಲ, ತೇರು ಕಟ್ಟುವುದು ಅನ್ನುತ್ತೇವೆ. ಭಾರವಾದದ್ದು ಕೆಳಗೆ, ಹಗುರಾದದ್ದು ಮೇಲೆ. ಬಾಳುವಂಥದ್ದು ಕೆಳಗೆ, ಬದಲಾಗುವಂಥದ್ದು ಮೇಲೆ.

ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರು ಜಾತ್ರೆಗೆ ನಮ್ಮ ಸೀಮೆಯಿಂದ ಹೋಗುವವರು ಬಹಳ. ಬನದ ಹುಣ್ಣಿಮೆಗೆ ಶುರುವಾಗಿ ಐದು ದಿನ ನಡೆಯುವ ಈ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲೋತ್ಸವ. ಬಿದಿರು, ಬಟ್ಟೆಯಿಂದ ಕಟ್ಟಿದ ಆಕೃತಿಗೆ ಬೊಪ್ಪೇಗೌಡನಪುರ ಮಠದ ಸ್ವಾಮಿಗಳು ಜ್ಯೋತಿ ಮುಟ್ಟಿಸುತ್ತಾರೆ. ಉರಿ ಯಾವ ದಿಕ್ಕಿಗೆ ವಾಲುತ್ತದೋ ಆ ದಿಕ್ಕಿನ ಸೀಮೆಗೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ ಎಂಬ ನಂಬಿಕೆ. ಸುತ್ತಮುತ್ತಲಿನ ಊರಿನವರು, ಬೇರೆ ಬೇರೆ ಜಾತಿಯವರು ಸೇರಿ ಅದನ್ನು ಸಿದ್ಧಪಡಿಸುತ್ತಾರೆ. ಕಟ್ಟುವುದೇ ಸುಡುವುದಕ್ಕೆ. ಆದರೆ ಅದರ ಸುತ್ತಮುತ್ತ ಜನ ಹಾಕುವ ಬಿಡಾರ, ಗುಡಾರಗಳು ಸುಡುವುದಕ್ಕಲ್ಲ. ಗಾಡಿಯಲ್ಲಿ ಬಂದು ಗಾಡಿಯಲ್ಲೇ ವಾಪಸ್ಸು ಮನೆಗೆ. ಹೊಲ ಗದ್ದೆಗಳ ನಡುವೆ ಐದು ದಿನಕ್ಕೆ ಒಂದು ಊರೇ ಎದ್ದು ಮಾಯವಾಗುತ್ತದೆ. ನೀಲಗಾರರ ತಂಬೂರಿ ದನಿ ಬಿಡಾರದಿಂದ ಬಿಡಾರಕ್ಕೆ ಕೇಳುತ್ತಾ ಇರುತ್ತದೆ.

ಕಂಪನಿ ನಾಟಕ ಬಂತು

ಕಂಪನಿ ನಾಟಕಗಳು ಬಂದ ಮೇಲೆ ಚಪ್ಪರದ ವಿದ್ಯೆ ಒಂದು ವೃತ್ತಿಯೇ ಆಯಿತು. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲಾ ಹೆಸರಾಯಿತು. ಊರೂರಿಗೆ ಕ್ಯಾಂಪು ಹಾಕುವ ಕಂಪನಿಗಳು ತಗಡು, ಕಂಬ, ಪರದೆ, ಬೆಂಚು ಎಲ್ಲವನ್ನೂ ಹೇರಿಕೊಂಡು ಬಂದು, ಬಯಲಿನಲ್ಲಿ ಕೆಲವೇ ದಿನಗಳಲ್ಲಿ ಥಿಯೇಟರು ನಿಲ್ಲಿಸಿ, ತಿಂಗಳಾನುಗಟ್ಟಲೆ ಆಡಿ, ಬಿಚ್ಚಿಕೊಂಡು ಮುಂದಿನ ಊರಿಗೆ ಹೋಗುತ್ತಿದ್ದವು. ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕೀರ್ತಿ ಗುಬ್ಬಿ ಕಂಪನಿಯದು. ಆನೆ ನಿಲ್ಲುವಷ್ಟು ಗಟ್ಟಿ ಅಟ್ಟಣೆ, ಮತ್ತೆ ಅದು ಬಿಚ್ಚಿ ಜೋಡಿಸುವಂತೆಯೂ ಇರಬೇಕು! ಆ ಬಡಗಿಗಳ ಕೈಚಳಕ ಎಷ್ಟಿತ್ತು ಎಂದು ಊಹಿಸಬಹುದು.

ಇದರಲ್ಲಿ ನಮ್ಮ ಜಿಲ್ಲೆಯ ಪಾಲೂ ಇದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. ಅವರ ಮಗ ಮುತ್ತುರಾಜ ಆ ತಗಡಿನ ಮಾಡಿನ ಕೆಳಗೇ ಹಾಡು, ಮಾತು ಕಲಿತು 1954ರ ಬೇಡರ ಕಣ್ಣಪ್ಪ ಚಿತ್ರದಿಂದ ರಾಜಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಕಟ್ಟಿ ಬಿಚ್ಚುವ ಥಿಯೇಟರು ಕನ್ನಡಕ್ಕೆ ಎಂಥ ಕಲಾವಿದರನ್ನು ಕೊಟ್ಟಿತು ಎಂಬುದಕ್ಕೆ ಇದೊಂದೇ ಸಾಕು.

ಕಂಪನಿ ನೋಡಿದ ಹಳ್ಳಿಯವರು ಸುಮ್ಮನೆ ಕೂರಲಿಲ್ಲ. ಡ್ರಾಮಾ ಮೇಷ್ಟ್ರನ್ನು ಕರೆಸಿ, ಹಾರ್ಮೋನಿಯಂ ಇಟ್ಟು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಕಲಿತು ಕುರುಕ್ಷೇತ್ರ, ದಾನಶೂರ ಕರ್ಣ ಆಡತೊಡಗಿದರು. ಅಟ್ಟಣೆ ಹೇಗೆ? ಎತ್ತಿನ ಗಾಡಿಗಳನ್ನು ಒತ್ತಾಗಿ ನಿಲ್ಲಿಸಿ ನೊಗಕ್ಕೆ ಊರೆ ಕೊಟ್ಟು, ಮೇಲೆ ಹಲಗೆ, ಬಾಗಿಲು ಹಾಸಿದರೆ ಅಟ್ಟಣೆ. ಮುಗಿದ ಮೇಲೆ ಗಾಡಿ ಹೊಲಕ್ಕೆ, ಬಾಗಿಲು ಮನೆಗೆ. ಸೀನರಿ ಮಾತ್ರ ಪಟ್ಟಣದಿಂದ ಬಾಡಿಗೆಗೆ. ಅರಮನೆ, ಬೀದಿ, ಕಾಡು, ದರ್ಬಾರು ಎಲ್ಲಾ ಒಂದೊಂದು ಪರದೆಯಲ್ಲಿ ಸುರುಳಿ ಸುತ್ತಿಕೊಂಡು ಬರುತ್ತಿತ್ತು. ಒಂದು ಸಾಮ್ರಾಜ್ಯವೇ ಒಂದು ಲಾರಿಯ ಮೂಲೆಯಲ್ಲಿ! ಅದೇ ಹಸ್ತಿನಾವತಿ ಇವತ್ತು ಈ ಊರಿನಲ್ಲಿ, ನಾಳೆ ಪಕ್ಕದ ಊರಿನಲ್ಲಿ.

ನಾಡಿನ ಬೇರೆ ಕಡೆ

ದೊಡ್ಡ ಸಭೆಗಳೂ ಇದೇ ದಾರಿ ಹಿಡಿದಿದ್ದವು. 1924ರಲ್ಲಿ ಮಹಾತ್ಮ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ಅಲ್ಲಿ ಎದ್ದ ತಾತ್ಕಾಲಿಕ ನಗರಕ್ಕೆ ವಿಜಯನಗರ ಎಂದು ಹೆಸರು. ಆ ಪೆಂಡಾಲಿನಲ್ಲಿ ಸ್ವಾಗತ ಗೀತೆ ಹಾಡಿದವರಲ್ಲಿ ಒಬ್ಬಳು ಎಳೆಯ ಹುಡುಗಿ. ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶಕ್ಕೇ ಹೆಸರಾದರು. 1936ರಲ್ಲಿ ಮಹಾರಾಷ್ಟ್ರದ ಫೈಜ್‌ಪುರದಲ್ಲಿ ಮೊದಲ ಬಾರಿಗೆ ಹಳ್ಳಿಯಲ್ಲಿ ಅಧಿವೇಶನ ನಡೆದಾಗ ಗಾಂಧೀಜಿಯವರು ಚಿತ್ರಕಾರ ನಂದಲಾಲ ಬೋಸರನ್ನು ಕರೆಸಿ, ಹಳ್ಳಿಯಲ್ಲಿ ಸಿಗುವ ಬಿದಿರು ಮುಂತಾದ ಸಾಮಾನಿನಲ್ಲೇ ಎಲ್ಲಾ ಕಟ್ಟಿಸಿದರು.

ನಾಟಕ ಎಷ್ಟು ದೊಡ್ಡ ಜಾಗದಲ್ಲಿ ಇರಬೇಕು ಎಂಬುದಕ್ಕೆ ಭರತಮುನಿಯ ನಾಟ್ಯಶಾಸ್ತ್ರದಲ್ಲೇ ಲೆಕ್ಕವಿದೆ. 64 ಹಸ್ತ ಉದ್ದ, 32 ಹಸ್ತ ಅಗಲದ್ದು ಮನುಷ್ಯರಿಗೆ ಸರಿಯಾದ್ದು. ಅದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದ ಭಾವ ಕಾಣದು ಎಂಬ ಕಾರಣವನ್ನೂ ಕೊಟ್ಟಿದೆ. ಹಸ್ತಕ್ಕೆ ಒಂದೂವರೆ ಅಡಿ ಹಿಡಿದರೆ 96 ಅಡಿ, 48 ಅಡಿ ಆಯಿತು. ಮೈಕು ಇಲ್ಲದ ಕಾಲದ ನಮ್ಮ ಹಳ್ಳಿಯ ಚಪ್ಪರಗಳೂ ಇದನ್ನು ಮೀರುತ್ತಿರಲಿಲ್ಲ.

ಕರಾವಳಿಯ ಯಕ್ಷಗಾನದಲ್ಲಿ ಎರಡು ಬಗೆ. ಸುತ್ತ ಬಟ್ಟೆ ಕಟ್ಟಿ ಟಿಕೆಟು ಇಟ್ಟು ಆಡುವುದು ಡೇರೆ ಆಟ. ನಾಲ್ಕು ಕಂಬ ನೆಟ್ಟು, ಮಾವಿನ ಸೊಪ್ಪು ಕಟ್ಟಿ, ಎಲ್ಲರಿಗೂ ಬಿಟ್ಟಿಯಾಗಿ ಆಡುವ ಹರಕೆ ಆಟ ಬಯಲಾಟ. ಒಂದು ಕಾಲದಲ್ಲಿ ಡೇರೆ ಮೇಳಗಳ ಅಬ್ಬರ ಜೋರಾಗಿತ್ತು. ಈಗ ಅವು ಬೆರಳೆಣಿಕೆಗೆ ಇಳಿದಿವೆ, ಬಯಲಾಟದ ಮೇಳಗಳು ಮಾತ್ರ ಊರೂರು ತಿರುಗುತ್ತಲೇ ಇವೆ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1985ರಿಂದ ತಿರುಗಾಟ ಎಂಬ ತಂಡ ಕಟ್ಟಿ, ರಂಗಸಜ್ಜಿಕೆ, ದೀಪ ಎಲ್ಲವನ್ನೂ ಜೊತೆಗೇ ಒಯ್ದು ನಾಡಿನ ಮೂಲೆ ಮೂಲೆಗೆ ನಾಟಕ ಮುಟ್ಟಿಸಿತು. ಒಂದು ಹಳ್ಳಿಯ ಜನ ಸೇರಿ ಮಾಡಿದ ಕೆಲಸ ಅದು ಎಂಬುದನ್ನು ಇಲ್ಲಿ ನೆನೆಯಬೇಕು.

ಬಿದಿರು ಹೋಯಿತು, ಮುಯ್ಯಿಯೂ ಹೋಯಿತು

ನಮ್ಮ ಕಡೆ ಹಸಿರು ಚಪ್ಪರ ಹೇಗೆ ಹೋಯಿತು ಎಂಬುದಕ್ಕೆ ಒಂದೇ ಕಾರಣ ಹೇಳಲಾಗದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಕಾಡು ಉಳಿಯಬೇಕು ಎಂಬುದರಲ್ಲಿ ನಮ್ಮ ತಕರಾರಿಲ್ಲ. ಆದರೆ ಗಾಡಿ ಕಟ್ಟಿಕೊಂಡು ಹೋಗಿ ಗಳು ತರುವ ಕಾಲ ಅಲ್ಲಿಗೆ ಮುಗಿಯಿತು. ಬಿದಿರು ಎಷ್ಟೋ ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು, ಅಕ್ಕಿ ಉದುರಿಸಿ, ಮೆಳೆ ಮೆಳೆಯೇ ಸಾಯುವ ಗಿಡ. ಹಾಗೆ ಸತ್ತ ಮೇಲೆ ಮತ್ತೆ ಗಳು ಬಲಿಯಲು ವರ್ಷಗಳೇ ಬೇಕು. ಇತ್ತ ಮನೆಗಳಲ್ಲಿ ಅಟ್ಟ ಹೋಗಿ ಆರ್‌ಸಿಸಿ ಬಂತು, ಸೌದೆ ಒಲೆ ಹೋಗಿ ಗ್ಯಾಸು ಬಂತು. ಗಳು ಇಡಲು ಜಾಗವೂ ಇಲ್ಲ, ಹೊಗೆಯೂ ಇಲ್ಲ.

ಆ ಜಾಗಕ್ಕೆ ಶಾಮಿಯಾನ ಬಂತು. ಫೋನು ಮಾಡಿದರೆ ಗಾಡಿಯಲ್ಲಿ ಪೈಪು, ಬಟ್ಟೆ, ಕುರ್ಚಿ ಬಂದು ಇಳಿಯುತ್ತದೆ, ಅವರೇ ಕಟ್ಟಿ ಅವರೇ ಬಿಚ್ಚಿಕೊಂಡು ಹೋಗುತ್ತಾರೆ. ಅನುಕೂಲವೇ, ಅಲ್ಲ ಅನ್ನುವುದಿಲ್ಲ. ಆದರೆ ಬಾಡಿಗೆ ಕೊಡಲಾರದವರ ಮನೆಯ ಮದುವೆಗೆ, ಸಣ್ಣ ಕೇರಿಯ ಹಬ್ಬಕ್ಕೆ ನೆರಳು ತುಟ್ಟಿಯಾಯಿತು. ಭಜನೆಗೆ, ಕಂಸಾಳೆಗೆ ಶಾಮಿಯಾನ ಯಾಕೆ ದಂಡ ಅಂತ ಎಷ್ಟೋ ಕಡೆ ರಾತ್ರಿಯ ಹಾಡೇ ನಿಂತಿತು. ಗುಂಡಿ ತೋಡಲು ಬರುತ್ತಿದ್ದ ಮುಯ್ಯಾಳೂ ಬರುವುದು ಬಿಟ್ಟ, ಯಾಕೆಂದರೆ ತೋಡುವ ಗುಂಡಿಯೇ ಇಲ್ಲ.

ಬೆಂಕಿಯ ಪಾಠವನ್ನೂ ಮರೆಯಬಾರದು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಪೆಂಡಾಲು ಹತ್ತಿಕೊಂಡು 400ಕ್ಕೂ ಹೆಚ್ಚು ಜನ ತೀರಿಕೊಂಡರು. ನೈಲಾನ್ ಜಾತಿಯ ಬಟ್ಟೆ ಕರಗಿ ಉರಿಯುತ್ತಾ ಮೈಮೇಲೆ ಬೀಳುತ್ತದೆ. ಸುತ್ತ ಮುಚ್ಚಿ ಒಂದೇ ಬಾಗಿಲು ಬಿಟ್ಟರೆ ಓಡಲು ದಾರಿ ಇರುವುದಿಲ್ಲ. ನಮ್ಮ ಹಳೆಯ ಚಪ್ಪರಕ್ಕೆ ಮೂರು ಕಡೆ ಗೋಡೆಯೇ ಇರಲಿಲ್ಲ.

ಚಪ್ಪರದ ಹೊರಗೆ ನಿಂತವರು

ಹಳೆಯದನ್ನು ಹೊಗಳುವಾಗ ಒಂದು ಮಾತು ಮುಚ್ಚಿಟ್ಟರೆ ಇತಿಹಾಸ ಬರೆದಂತೆ ಆಗುವುದಿಲ್ಲ. ಆ ಚಪ್ಪರದ ನೆರಳು ಎಲ್ಲರಿಗೂ ಸಿಗುತ್ತಿರಲಿಲ್ಲ. ಗುಂಡಿ ತೋಡಿದವರು, ಗರಿ ಹೊತ್ತವರು, ತಮಟೆ ಬಡಿದವರು ಆಟ ಶುರುವಾದ ಮೇಲೆ ಹೊರಗೆ ಮರದ ಕೆಳಗೆ ನಿಂತು ನೋಡಬೇಕಿತ್ತು. ಗಳು ಕೊಟ್ಟವರು ಒಳಗೆ, ಗಳು ಹೊತ್ತವರು ಹೊರಗೆ. ಹೆಣ್ಣುಮಕ್ಕಳಿಗೆ ಹಿಂದಿನ ಮೂಲೆ. ಇಡೀ ಸೀಮೆಗೆ ಮಂಟೇಸ್ವಾಮಿಯ ಕಥೆಯನ್ನು ಉಳಿಸಿಕೊಟ್ಟ ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಅವರ ಹಾಡು ಊರೊಳಗೆ ಬಂತು, ಅವರು ಜಗಲಿ ಏರಲು ಬಹಳ ಕಾಲ ಹಿಡಿಯಿತು. ಬಾಡಿಗೆ ಶಾಮಿಯಾನ ಬಂದಾಗ ಈ ಗೆರೆ ಸ್ವಲ್ಪ ಅಳಿಸಿತು ಎಂಬುದೂ ಸತ್ಯ. ಕುರ್ಚಿಗೆ ಜಾತಿ ಗೊತ್ತಿಲ್ಲ. ಹಾಗಾಗಿ ಹಳೆಯ ಚಪ್ಪರವನ್ನು ಇದ್ದ ಹಾಗೇ ವಾಪಸ್ಸು ತನ್ನಿ ಎಂದು ನಾವು ಹೇಳುವುದಿಲ್ಲ. ಅದರ ಗಂಟು ಬೇಕು, ಅದರ ಮುಯ್ಯಿ ಬೇಕು, ಅದರ ಗೆರೆ ಬೇಡ.

ಸಂಘದ ಮುಂದೆ ಒಂದು ಅರಿಕೆ

ಈಗ ಸಂಘದ ಮಾತಿಗೆ ಬರೋಣ. 1904ರಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡು ಎಂಬುದು ಅದರ ತತ್ವ. ಮನೆಗೆ ಎರಡು ಗಳು ಅಂತ ವಂತಿಗೆ ಹಾಕಿ, ಗುರುತು ಹಾಕಿ, ಲೆಕ್ಕ ಒಪ್ಪಿಸಿ ವಾಪಸ್ಸು ಕೊಡುತ್ತಿದ್ದ ನಮ್ಮ ಹಿರಿಯರು ಅದೇ ತತ್ವವನ್ನು ರಿಜಿಸ್ಟರು ಇಲ್ಲದೆ ನಡೆಸಿದ್ದರು. ಸಂಘಕ್ಕೆ ರಿಜಿಸ್ಟರು ಇದೆ, ಉಗ್ರಾಣ ಇದೆ, ಮಹಾಸಭೆ ಇದೆ, ಎಲ್ಲಾ ಕೇರಿಯ ಸದಸ್ಯರೂ ಇದ್ದಾರೆ. ಬೆಳ್ಳಿಹಬ್ಬದ ನೆನಪಿಗೆ ಊರಿಗೆಲ್ಲಾ ಒಂದು ಸಾರ್ವಜನಿಕ ಚಪ್ಪರದ ಸೆಟ್ಟು ಮಾಡಿಸಬೇಕು ಎಂಬುದು ನಮ್ಮ ಅರಿಕೆ.

ಅದು ಹೇಗಿರಬಹುದು ಎಂದು ನಾವು ಯೋಚಿಸಿದ್ದನ್ನು ಇಲ್ಲಿ ಇಡುತ್ತೇವೆ. ಹತ್ತಡಿ ಚೌಕದ್ದು ಒಂದು ಅಂಕಣ. ಅಗಲಕ್ಕೆ ನಾಲ್ಕು, ಉದ್ದಕ್ಕೆ ಆರು ಅಂಕಣ ಹಾಕಿದರೆ 40 ಅಡಿಗೆ 60 ಅಡಿ, ಅಂದರೆ 2400 ಚದರಡಿ. ನೆಲದಲ್ಲಿ ಕೂರುವ ಒಬ್ಬರಿಗೆ ಓಡಾಡುವ ದಾರಿಯೂ ಸೇರಿ ಆರು ಚದರಡಿ ಹಿಡಿದರೆ 400 ಜನ. ಭಜನೆಗೆ ಅದರಲ್ಲೇ ನಾಲ್ಕು ಅಂಕಣ ಸಾಕು. ಕಂಸಾಳೆಗೆ, ಕೋಲಾಟಕ್ಕೆ ನಡುವಿನ ಒಂದು ಕಂಬ ತೆಗೆದರೆ 20 ಅಡಿ ಚೌಕದ ಖುಲ್ಲಾ ನೆಲ ಸಿಗುತ್ತದೆ. ಅಲ್ಲಿ ಮೇಲೆ ಮಾತ್ರ ಗಟ್ಟಿಯಾದ ಕಬ್ಬಿಣದ ತೊಲೆ ಬೇಕು. ನಾಟಕಕ್ಕೆ ನಾಲ್ಕಡಿ ಚೌಕದ ಮರದ ಪೆಟ್ಟಿಗೆಗಳು 20 ಇದ್ದರೆ, ಐದು ಉದ್ದಕ್ಕೆ ನಾಲ್ಕು ಅಗಲಕ್ಕೆ ಜೋಡಿಸಿ 20 ಅಡಿಗೆ 16 ಅಡಿಯ ಅಟ್ಟಣೆ ಆಯಿತು. ಉಳಿದ ದಿನ ಅದೇ ಪೆಟ್ಟಿಗೆಯೊಳಗೆ ಹಗ್ಗ, ಬಟ್ಟೆ, ಗೂಟ ತುಂಬಿಡಬಹುದು.

ಕಂಬಕ್ಕೆ ಕಬ್ಬಿಣದ ಪೈಪು, ಮೇಲಕ್ಕೆ ಬಿದಿರ ಗಳು ಇದ್ದರೆ ಒಳ್ಳೆಯದು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಕಾಡಲ್ಲದ ಜಮೀನಿನಲ್ಲಿ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ಕೈಬಿಟ್ಟಿದ್ದಾರೆ. ಸದಸ್ಯರು ಬದುವಿನಲ್ಲಿ ನಾಲ್ಕು ನಾಲ್ಕು ಮೆಳೆ ಹಾಕಿದರೆ ಕಾಡಿನ ಕಡೆ ನೋಡುವ ಅಗತ್ಯವಿಲ್ಲ. ಹೊದಿಕೆಗೆ ದಪ್ಪ ಹತ್ತಿಯ ಬಟ್ಟೆ, ಅಂಕಣಕ್ಕೊಂದು ತುಂಡು. ಗಾಳಿ ಬಂದರೆ ಒಂದೊಂದೇ ತುಂಡು ಬಿಡಿಸಬಹುದು, ಹರಿದರೆ ಒಂದನ್ನೇ ಬದಲಾಯಿಸಬಹುದು. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಮೈಮೇಲೆ ಸುರಿಯುವುದಿಲ್ಲ. ಆಷಾಢದ ಗಾಳಿ ಪಡುವಲಿಂದ ಬೀಸುವುದರಿಂದ ಅಟ್ಟಣೆಯ ಬೆನ್ನು ಪಡುವಲಿಗಿರಲಿ. ಮೂರು ಕಡೆ ತೆರೆದಿರಲಿ. ಅಡಿಗೆ ಒಲೆ, ಜನರೇಟರು ದೂರವಿರಲಿ. ಮರಳಿನ ಬಕೆಟ್ಟು, ನೀರಿನ ಡ್ರಮ್ಮು ಕಣ್ಣಿಗೆ ಕಾಣುವ ಕಡೆ ಇರಲಿ.

ಬಾಡಿಗೆ ಬೇಡ, ಮುಯ್ಯಿ ಇರಲಿ. ಒಯ್ದವರು ತಮ್ಮ ಕಡೆಯಿಂದ ಆಳು ಕೊಟ್ಟು ಕಟ್ಟಿ, ಬಿಚ್ಚಿ, ಎಣಿಸಿ ಒಪ್ಪಿಸಬೇಕು. ಮುಂದಿನವರ ಚಪ್ಪರಕ್ಕೆ ಒಂದು ದಿನ ಬರಬೇಕು. ರಿಪೇರಿಗೆ ಒಂದಿಷ್ಟು ವಂತಿಗೆ. ಯಾವ ಕೇರಿಯವರು ಕೇಳಿದರೂ ಅರ್ಜಿ ಬಂದ ಕ್ರಮದಲ್ಲೇ ಕೊಡಬೇಕು, ಅದರೊಳಗೆ ಯಾರು ಎಲ್ಲಿ ಬೇಕಾದರೂ ಕೂರಬೇಕು ಎಂಬುದನ್ನು ನಿಯಮದಲ್ಲೇ ಬರೆಯಬೇಕು.

ಇನ್ನೊಂದು ಕೆಲಸ ದುಡ್ಡಿಲ್ಲದೆ ಆಗುವಂಥದ್ದು, ಅದು ತಡವಾಗಬಾರದು. ಜೀರುಗುಣಿಕೆ ಹಾಕಬಲ್ಲ, ಗಾಳಿಯ ದಿಕ್ಕು ನೋಡಿ ಗೂಟ ಹೊಡೆಯಬಲ್ಲ ಹಿರಿಯರು ಊರಿನಲ್ಲಿ ಇನ್ನು ಕೆಲವರೇ ಉಳಿದಿದ್ದಾರೆ. ಮುಂದಿನ ಯುಗಾದಿಯೊಳಗೆ ಅವರನ್ನು ಸಂಘದ ಅಂಗಳಕ್ಕೆ ಕರೆದು ಕೂರಿಸಿ, ಹುಡುಗ ಹುಡುಗಿಯರಿಗೆ ಹಗ್ಗ ಕೊಟ್ಟು ಗಂಟು ಕಲಿಸಬೇಕು. ಪೈಪು, ಬಟ್ಟೆ ಯಾವಾಗ ಬೇಕಾದರೂ ಕೊಳ್ಳಬಹುದು, ಗಂಟು ಅಂಗಡಿಯಲ್ಲಿ ಸಿಗುವುದಿಲ್ಲ.

ಸಂಘದ ಆಡಳಿತ ಮಂಡಳಿಯವರು, ಸದಸ್ಯ ಬಂಧುಗಳು ಈ ಅರಿಕೆಯನ್ನು ಮುಂದಿನ ಮಹಾಸಭೆಯ ಮುಂದಿಟ್ಟು ಚರ್ಚಿಸಲಿ. ಇಪ್ಪತ್ತೈದು ತುಂಬಿದ ಸಂಘ ಐವತ್ತು ತುಂಬಲಿ. ಆ ಹೊತ್ತಿನ ಸಮಾರಂಭ ನಾವೇ ಕಟ್ಟಿದ ಚಪ್ಪರದ ಕೆಳಗೆ ನಡೆಯಲಿ, ಅಲ್ಲಿ ಕಂಸಾಳೆಯೂ ತಂಬೂರಿಯೂ ಕೇಳಲಿ ಎಂದು ಹಾರೈಸುತ್ತೇವೆ.